ನೆರೆಮನೆಯ ಚೌತಿ ಪಂಚಕಜ್ಜಾಯವನ್ನು ಕ್ರೈಸ್ತರು ತಿನ್ನಬಹುದೇ?

ಎರಡು ವರ್ಷಗಳಿಂದ ಚರ್ಚಿಗೆ ಹೋಗುತ್ತಿರುವ ನೀವು, ಕಾರವಾರದ ನಿಮ್ಮ ಬಾಡಿಗೆ ಮನೆಗೆ ಪಕ್ಕದ ಮನೆಯ ಅಜ್ಜಿ ಚೌತಿಯ ದಿನ ತಂದುಕೊಟ್ಟ ಪಂಚಕಜ್ಜಾಯವನ್ನು ನಗುತ್ತಾ ತೆಗೆದುಕೊಂಡು, ಆಮೇಲೆ ಪ್ರಾರ್ಥನಾ ಕೂಟದವರ ಮಾತು ನೆನಪಾಗಿ ಕಸದ ಬುಟ್ಟಿಗೆ ಹಾಕಿದಿರೆಂದೂ, ಅಂದಿನಿಂದ ಅವರ ಮುಖ ನೋಡುವಾಗಲೆಲ್ಲ ಸಂಕಟವಾಗುತ್ತದೆಂದೂ ಬರೆದಿದ್ದೀರಿ. ತಿಂದರೆ ಪಾಪವೇ, ಈ ವರ್ಷ ಏನು ಮಾಡಬೇಕು, ಹೋದ ವರ್ಷದ್ದನ್ನು ಅಜ್ಜಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ನಾನು ಕಾರವಾರದ ಕೋಡಿಬಾಗದಲ್ಲಿ ಹುಟ್ಟಿ ಬೆಳೆದ ಕಥೋಲಿಕ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಚೌತಿಯ ಆಸುಪಾಸಿನಲ್ಲಿ ಯಾವುದಾದರೂ ಒಂದು ಮಗು ಇದನ್ನೇ ಕೇಳದೆ ಬಿಡುವುದಿಲ್ಲ.

ಬೈಬಲಿನಲ್ಲಿ ಸಂತ ಪೌಲನು ಕೊರಿಂಥದ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯಕ್ಕೆ, ಬರೆದ ಮೊದಲನೆಯ ಪತ್ರದ 8ರಿಂದ 10ರವರೆಗಿನ ಅಧ್ಯಾಯಗಳನ್ನು ಒಂದೇ ಬಾರಿಗೆ ಕುಳಿತು ಓದಿ. ಕನ್ನಡದ ಹಳೆಯ ಅನುವಾದದಲ್ಲಿ ಅಲ್ಲಿ ‘ನೈವೇದ್ಯ’ ಎಂಬ ಪದವೇ ಬಳಕೆಯಾಗಿದೆ, ಆದ್ದರಿಂದ ನಮ್ಮ ಕರಾವಳಿಯವರಿಗೆ ವಿಷಯ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊರಿಂಥವು ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಪೌಲನು ಅಲ್ಲಿ ಒಂದೂವರೆ ವರ್ಷ ಇದ್ದು, ಅನಂತರ ಸುಮಾರು ಕ್ರಿ.ಶ. 55ರ ಹೊತ್ತಿಗೆ ಎಫೆಸದಿಂದ ಈ ಪತ್ರವನ್ನು ಬರೆದನು. ಊರಿನ ದೇವಾಲಯಗಳಿಗೆ ಹೊಂದಿಕೊಂಡು ಊಟದ ಕೋಣೆಗಳಿದ್ದವು. ಉತ್ಖನನದಲ್ಲಿ ಅವು ಸಿಕ್ಕಿವೆ. ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಯ ಅಂಗಡಿಗೂ ಬರುತ್ತಿತ್ತು. ಹೊಸದಾಗಿ ಕ್ರಿಸ್ತನನ್ನು ನಂಬಿದವನಿಗೆ ಬಂಧುಗಳ ಮನೆಯಲ್ಲಿ, ಪೇಟೆಯಲ್ಲಿ, ಗೆಳೆಯರ ಔತಣದಲ್ಲಿ ದಿನ ಬೆಳಗಾದರೆ ಇದೇ ಪ್ರಶ್ನೆ ಎದುರಾಗುತ್ತಿತ್ತು.

ಪೌಲನ ಉತ್ತರವು ಒಂದು ಮಾತಿನಲ್ಲಿ ಹೌದು ಎಂದಾಗಲೀ ಅಲ್ಲ ಎಂದಾಗಲೀ ಇಲ್ಲ. ದೇವಾಲಯದ ಪೂಜೆಯಲ್ಲಿ ಪಾಲುಗೊಂಡು ಅಲ್ಲಿ ಪಂಕ್ತಿಗೆ ಕೂರುವುದು ಬೇಡ, ಕರ್ತನ ಮೇಜಿನಲ್ಲಿ (ಚರ್ಚಿನ ಪರಮಪ್ರಸಾದದಲ್ಲಿ) ಪಾಲುಗೊಂಡವರು ಇನ್ನೊಂದರಲ್ಲಿ ಪಾಲುಗೊಳ್ಳಲಾಗದು ಎಂದು ಖಚಿತವಾಗಿ ಹೇಳುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆಯಿಲ್ಲದೆ ಕೊಂಡು ತಿನ್ನಿರಿ ಎನ್ನುತ್ತಾನೆ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಉಣ್ಣಿರಿ, ಆದರೆ ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ತಿಳಿಸಿದರೆ ತಿನ್ನಬೇಡಿರಿ ಎನ್ನುತ್ತಾನೆ. ಈ ಕೊನೆಯ ಮಾತಿಗೆ ಅವನು ಕೊಡುವ ಕಾರಣವನ್ನು ಗಮನಿಸಬೇಕು: ನಿನ್ನ ಮನಸ್ಸಾಕ್ಷಿಯ ನಿಮಿತ್ತವಲ್ಲ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ (10:28-29). ದೇವರು ಒಬ್ಬನೇ ಆಗಿರುವಾಗ ಪದಾರ್ಥಕ್ಕೆ ನಮ್ಮನ್ನು ಕೆಡಿಸುವ ಶಕ್ತಿ ಇಲ್ಲವೆಂದು ಎಂಟನೆಯ ಅಧ್ಯಾಯದಲ್ಲಿ ಮೊದಲೇ ಹೇಳಿಯಾಗಿದೆ. ಹೀಗಾಗಿ ಪ್ರಶ್ನೆ ಬಟ್ಟಲಿನೊಳಗೆ ಏನಿದೆ ಎಂಬುದಲ್ಲ. ಬಟ್ಟಲನ್ನು ಕೊಟ್ಟವರಿಗೂ ಅದನ್ನು ನೋಡುತ್ತಿರುವವರಿಗೂ ನಿಮ್ಮ ನಡೆಯಿಂದ ಏನಾಗುತ್ತದೆ ಎಂಬುದು.

ನಿಮ್ಮ ಕೂಟದವರು ತೋರಿಸಿರಬಹುದಾದ ವಾಕ್ಯಗಳೂ ಇವೆ. ಜೆರುಸಲೇಮಿನ ಸಭೆ ನೈವೇದ್ಯ ಮಾಡಿದ್ದನ್ನು ವರ್ಜಿಸಿರಿ ಎಂದು ಪತ್ರ ಕಳುಹಿಸಿತು (ನೀವು ‘ಅಪೊಸ್ತಲರ ಕೃತ್ಯಗಳು’ ಎನ್ನುವ, ನಾವು ‘ಪ್ರೇಷಿತರ ಕಾರ್ಯಕಲಾಪಗಳು’ ಎನ್ನುವ ಪುಸ್ತಕದ 15ನೆಯ ಅಧ್ಯಾಯ). ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಎರಡನೆಯ ಅಧ್ಯಾಯದಲ್ಲಿ ಪೆರ್ಗಮ ಮತ್ತು ಥುವತೈರದ ಸಭೆಗಳಿಗೆ ಇದೇ ವಿಷಯದಲ್ಲಿ ಎಚ್ಚರಿಕೆ ಇದೆ. ಇವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ನೈವೇದ್ಯವೆಂದು ತಿಳಿದ ಮೇಲೆ ತಿನ್ನದಿರುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯವೂ ಹೌದು. ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ತಿನ್ನುವವನ ಬಗ್ಗೆ ರೋಮನರ ಪತ್ರದ 14ನೆಯ ಅಧ್ಯಾಯದ ಕೊನೆಯ ಮಾತು ಸ್ಪಷ್ಟವಾಗಿದೆ. ನಿಮಗೆ ಅನುಮಾನವಿದೆ, ಆದ್ದರಿಂದ ತಿನ್ನಬೇಡಿ. ಆದರೆ ತಿನ್ನದಿರುವುದು ಹೇಗೆ ಎಂಬುದರಲ್ಲಿ ನಾವು ಎಡವುತ್ತೇವೆ.

ನಾನು ಎಡವಿದ್ದೇನೆ. ಕಾಲೇಜಿಗೆ ಸೇರಿದ ವರ್ಷ, ಹೊಸದಾಗಿ ಬೈಬಲ್ ಓದಿದ ಹುರುಪಿನಲ್ಲಿ, ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಬಂದ ನೆರೆಮನೆಯ ಅಕ್ಕನಿಗೆ ಹೊಸ್ತಿಲಲ್ಲೇ ನಿಲ್ಲಿಸಿ, ಅವರ ಸಣ್ಣ ಮಗಳ ಎದುರಿಗೆ, ಇದನ್ನು ನಾವೇಕೆ ಮುಟ್ಟುವುದಿಲ್ಲವೆಂದು ವಾಕ್ಯಸಮೇತ ವಿವರಿಸಿದೆ. ಅವರು ಏನೂ ಹೇಳದೆ ತಟ್ಟೆಯನ್ನು ಸೆರಗಿನ ಕೆಳಗೆ ಮಾಡಿಕೊಂಡು ಹಿಂದಿರುಗಿದರು. ನನ್ನ ತಾಯಿಯೂ ನೈವೇದ್ಯ ಮಾಡಿದ್ದನ್ನು ತಿನ್ನುವವರಲ್ಲ. ಅವರು ಅದನ್ನು ಎರಡೂ ಕೈಯಿಂದ ಸ್ವೀಕರಿಸಿ, ಮೀನು ಮಾರಲು ಬರುವ ಹೆಂಗಸಿಗೆ ಕೊಡುತ್ತಿದ್ದರು; ಆಕೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು, ಮತ್ತು ಇದು ಪಕ್ಕದ ಮನೆಯವರಿಗೆ ಗೊತ್ತಿತ್ತು, ಏಕೆಂದರೆ ತಾಯಿಯೇ ಹೇಳಿದ್ದರು. ಆ ಸಂಜೆ ತಾಯಿ ನನ್ನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿ, ಹುಡುಗನಿಗೆ ಮಾತು ಬರುವುದಿಲ್ಲ ಎಂದರು. ಜ್ಞಾನವು ಉಬ್ಬಿಸುತ್ತದೆ, ಪ್ರೀತಿಯು ಕಟ್ಟುತ್ತದೆ ಎಂಬರ್ಥದ ಮಾತಿನಿಂದಲೇ ಪೌಲನು ಎಂಟನೆಯ ಅಧ್ಯಾಯವನ್ನು ಆರಂಭಿಸುತ್ತಾನೆ. ನಾನು ಅಂದು ಅಕ್ಕನಿಗೆ ಹೇಳಿದ ವಾಕ್ಯಗಳು ಅದರ ಮುಂದಿನವು. ಇದನ್ನು ದಾಟಿಕೊಂಡು ಹೋಗಿದ್ದೆ.

ಅದೇ ತಾಯಿ ಕ್ರಿಸ್ಮಸ್‌ಗೆ ನೇವರಿ (ಕರ್ಜಿಕಾಯಿಯಂಥ ಸಿಹಿ ತಿಂಡಿ) ಕರಿಯುವಾಗ ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಬಹಳ ತಡವಾಗಿ ಅರ್ಥ ಮಾಡಿಕೊಂಡೆ. ಬಾಣಲೆಗೆ ಹೊಸ ಎಣ್ಣೆ ಸುರಿದ ಕೂಡಲೇ, ಮನೆಯವರಿಗೆ ಒಂದನ್ನೂ ಕರಿಯುವ ಮೊದಲು, ಪಕ್ಕದ ಮನೆಯ ಪಾಲನ್ನು ಕರಿದು ಬೇರೆ ಡಬ್ಬಕ್ಕೆ ಹಾಕಿ ಮುಚ್ಚಿಡುತ್ತಿದ್ದರು. ಆ ಕಣಕಕ್ಕೆ ಮೊಟ್ಟೆ ಸೋಕಗೊಡುತ್ತಿರಲಿಲ್ಲ. ಆಹಾರವು ಇನ್ನೊಬ್ಬನಿಗೆ ಅಡ್ಡಿಯಾಗುವುದಾದರೆ ನಾನು ಮಾಂಸವನ್ನೇ ತಿನ್ನುವುದಿಲ್ಲ ಎನ್ನುವ ಪೌಲನು (8:13) ಸಭೆಯ ಸಹೋದರನ ಬಗ್ಗೆ ಹೇಳಿದ್ದು ನಿಜವಾದರೂ, ತಾಯಿ ಅದನ್ನು ಬೇಲಿಯಾಚೆಗೂ ಅನ್ವಯಿಸಿದ್ದರು.

ಈಗ ನಿಮ್ಮ ವಿಷಯ. ಈ ವರ್ಷ ಚೌತಿಯ ದಿನ ಬಾಗಿಲಲ್ಲಿ ನಿಂತು ಹೇಳಬೇಡಿ, ನಾಲ್ಕೈದು ದಿನ ಮೊದಲು, ಬಿಡುವಿನ ಹೊತ್ತಿನಲ್ಲಿ ಅಜ್ಜಿಯ ಮನೆಗೆ ಹೋಗಿ ಕುಳಿತು ಹೇಳಿ: “ಅಜ್ಜೀ, ನಾನು ಈಗ ಚರ್ಚಿಗೆ ಹೋಗುತ್ತೇನೆ, ದೇವರ ಮುಂದೆ ಇಟ್ಟದ್ದನ್ನು ತಿನ್ನದಿರುವ ಪದ್ಧತಿ ಇಟ್ಟುಕೊಂಡಿದ್ದೇನೆ, ನೀವು ಬೇಸರ ಮಾಡಿಕೊಳ್ಳಬಾರದು.” ಇದರಲ್ಲಿ ಅವರ ಪೂಜೆಯ ಬಗ್ಗೆ ಒಂದು ಮಾತೂ ಇಲ್ಲದಿರುವುದನ್ನು ಗಮನಿಸಿ, ಸೇರಿಸಲೂ ಬೇಡಿ. ನೈವೇದ್ಯಕ್ಕೆ ಇಡದೆ ಡಬ್ಬದಲ್ಲೇ ಉಳಿದ ತಿಂಡಿಯನ್ನು ಕೊಟ್ಟರೆ ಸಂತೋಷದಿಂದ ಅಲ್ಲೇ ಕುಳಿತು ತಿನ್ನಿ. ಅಷ್ಟಾದರೂ ಅವರು ಮರೆತು ಪಂಚಕಜ್ಜಾಯವನ್ನೇ ತಂದರೆ, ತೆಗೆದುಕೊಂಡು ಭಕ್ತಿಯಿಂದ ತಿನ್ನುವವರಿಗೆ ಕೊಡಿ. ಕಸದ ಬುಟ್ಟಿಗೆ ಹಾಕಲು ಬೈಬಲಿನಲ್ಲಿ ಎಲ್ಲಿಯೂ ಆಧಾರವಿಲ್ಲ.

ಹೋದ ವರ್ಷದ್ದನ್ನು ಅವರಿಗೆ ಹೇಳಬೇಕೆಂದು ನನಗೆ ಅನಿಸುವುದಿಲ್ಲ. ಅದನ್ನು ದೇವರ ಮುಂದೆ ಹೇಳಿಕೊಳ್ಳಿ. ಅಜ್ಜಿಗೆ ಹೇಳಿದರೆ ನಿಮ್ಮ ಭಾರ ಇಳಿದು ಅವರ ಮೇಲೆ ಕೂರುತ್ತದೆ, ವಯಸ್ಸಾದವರು ಅದನ್ನು ಮರೆಯುವುದಿಲ್ಲ. ಅವರೇ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. ಅವರು ಕೊಟ್ಟಿದ್ದ ಬಟ್ಟಲು ಇನ್ನೂ ನಿಮ್ಮಲ್ಲೇ ಇದ್ದರೆ ಬರಿದಾಗಿ ಹಿಂದಿರುಗಿಸಬೇಡಿ. ಒಂದಿಷ್ಟು ಬಾಳೆಹಣ್ಣನ್ನಾದರೂ ಇಟ್ಟು ಈ ವಾರವೇ ಕೊಟ್ಟು ಬನ್ನಿ.