ಆರು ಟೈಮ್‌ಟೇಬಲ್, ದಿನಕ್ಕೆ ಹತ್ತು ಪ್ರಶ್ನೆ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ.

ಸುಮಾಗೆ 33 ವರ್ಷ. ಬಿ.ಎಸ್ಸಿ., ಬಿ.ಇಡಿ. ಮುಗಿಸಿದ್ದಾರೆ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಮನೆ. ಗಂಡನದು ಪೇಂಟ್ ಅಂಗಡಿ. ಎರಡನೇ ಕ್ಲಾಸಿನ ಮಗಳು, ಎಲ್‌ಕೆಜಿ ಮಗ, ಜೊತೆಗೆ ಅತ್ತೆ. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಕಲಿಸಬೇಕು ಅನ್ನುವುದು ಆಸೆ. ಒಂದು ಸಲ ಬರೆದು 150ಕ್ಕೆ 86 ತೆಗೆದಿದ್ದರು. ಅವರ ವರ್ಗಕ್ಕೆ ಬೇಕಿದ್ದದ್ದು ಶೇಕಡಾ 60, ಅಂದರೆ 90. ನಾಲ್ಕೇ ಮಾರ್ಕು. ಮುಂದಿನ ಸಲ ಅರ್ಜಿ ಹಾಕಿ ಪರೀಕ್ಷೆಗೆ ಹೋಗಲಿಲ್ಲ. ಅದರ ಮುಂದಿನ ಸಲ ಅರ್ಜಿಯನ್ನೇ ಹಾಕಲಿಲ್ಲ.

ಬಂದು ಕೂತವರೇ, "ನಾನು ತುಂಬಾ ಸೋಮಾರಿ ಮೇಡಂ. ಇದಕ್ಕೇನಾದ್ರೂ ದಾರಿ ಇದೆಯಾ?" ಎಂದರು.

ಯಾರಾದರೂ ತಮ್ಮನ್ನು ಸೋಮಾರಿ ಅಂದುಕೊಂಡರೆ ನಾನು ನಿನ್ನೆಯ ದಿನ ಹೇಗಿತ್ತು ಅಂತ ಕೇಳುತ್ತೇನೆ. ಎದ್ದಾಗಿನಿಂದ ಮಲಗುವವರೆಗೆ, ಒಂದೂ ಬಿಡದೆ. ಸುಮಾ ಹೇಳುತ್ತಾ ಹೋದರು. ಐದೂವರೆಗೆ ಎದ್ದದ್ದು, ಬಾಗಿಲಿಗೆ ನೀರು ಹಾಕಿ ರಂಗೋಲಿ, ಎರಡು ಡಬ್ಬಿಗೆ ಎರಡು ಬಗೆ ತಿಂಡಿ, ಅತ್ತೆಗೆ ಸಕ್ಕರೆ ಕಾಯಿಲೆ ಆದ್ದರಿಂದ ಅವರಿಗೆ ಬೇರೆ, ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬರುವ ಗಂಡನಿಗೆ ಬಿಸಿ ಮುದ್ದೆ. ಹಿಂದಿನ ರಾತ್ರಿ ಒಂದೂವರೆಗೆ ನಲ್ಲಿ ನೀರು ಬಂದಿತ್ತು. ಅವರ ಬೀದಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುತ್ತದೆ, ಹೊತ್ತು ಗೊತ್ತಿಲ್ಲ. ಸಂಪು, ಡ್ರಮ್ಮು ತುಂಬಿಸಿ ಮಲಗಿದಾಗ ಮೂರು ಗಂಟೆ. ಹೇಳಿ ಮುಗಿಸಿ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು. ಸೋಮಾರಿತನಕ್ಕೆ ಅಲ್ಲಿ ಜಾಗವೇ ಇರಲಿಲ್ಲ ಅಲ್ವಾ?

ಎರಡನೇ ಭೇಟಿಗೆ ಪುಸ್ತಕಗಳನ್ನು ತರಲು ಹೇಳಿದ್ದೆ. ಒಂದು ದಪ್ಪ ಗೈಡು ತಂದರು. ಮುಚ್ಚಿದ ಗೈಡನ್ನು ಪಕ್ಕದಿಂದ ನೋಡಿದರೆ ಮೊದಲ ಅರ್ಧ ಬೆರಳಿನಷ್ಟು ಹಾಳೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಎಣ್ಣೆಯ ಕಲೆ ಕೂಡ ಇತ್ತು. ಉಳಿದ ಅಂಚೆಲ್ಲ ಅಂಗಡಿಯಿಂದ ತಂದ ದಿನದ ಹಾಗೇ ಬೆಳ್ಳಗೆ. ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ಮಕ್ಕಳ ಬೆಳವಣಿಗೆಯ ಹಂತಗಳಿಗೆ ಮೂರು ಬಣ್ಣದಲ್ಲಿ ಗೆರೆ. ಪ್ರತಿ ಸಲ ಹೊಸದಾಗಿ ಶುರು ಮಾಡಿದಾಗಲೂ ಮೊದಲ ಪುಟದಿಂದಲೇ ಶುರು. ನೋಟ್‌ಬುಕ್ಕಿನಲ್ಲಿ ಆರು ಟೈಮ್‌ಟೇಬಲ್ ಇದ್ದವು. ಸ್ಕೇಲು ಹಿಡಿದು ಗೆರೆ ಎಳೆದು, ಸ್ಕೆಚ್ ಪೆನ್ನಿನಲ್ಲಿ ಬರೆದವು. ಒಂದು ಯುಗಾದಿಯದು, ಒಂದು ಜನವರಿ 1ರದು, ಇನ್ನೊಂದು ಮಗಳ ಶಾಲೆ ಶುರುವಾದಾಗಿನದು. ಎಲ್ಲದರಲ್ಲೂ ಓದು ಬೆಳಗ್ಗೆ 4ಕ್ಕೆ. ಎಲ್ಲದರಲ್ಲೂ ಟಿಕ್ ಗುರುತು ಮೊದಲ ವಾರದಲ್ಲೇ ನಿಂತಿತ್ತು.

ಟೈಮ್‌ಟೇಬಲ್ ಬರೆದ ದಿನ ಹೇಗನ್ನಿಸುತ್ತೆ ಅಂತ ಕೇಳಿದೆ. "ತುಂಬಾ ಹಗುರ ಆಗುತ್ತೆ ಮೇಡಂ. ಪಾಸಾದಷ್ಟೇ ಖುಷಿ."

ಪ್ರಕರಣದ ಗಂಟು ಇದ್ದದ್ದು ಇಲ್ಲೇ. ನಮ್ಮ ಕಡೆ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ದೆವ್ವ ಬಂದು ಓದಿಕೊಂಡು ವಾಪಸ್ ಹೋಗಲಿ ಅಂತ. ಸುಮಾ ಅವರ ಟೈಮ್‌ಟೇಬಲ್ಲು ಮಾಡುತ್ತಿದ್ದದ್ದೂ ಅದೇ ಕೆಲಸ. ಪರೀಕ್ಷೆಯ ಭಯ ಬಂದಾಗಲೆಲ್ಲ ಅದನ್ನೊಂದು ಬರೆದು ಭಯವನ್ನು ವಾಪಸ್ ಕಳಿಸುತ್ತಿದ್ದರು. ಓದುವ ಅಗತ್ಯ ಆ ದಿನಕ್ಕೆ ತಪ್ಪುತ್ತಿತ್ತು. ಫೋನಿನಲ್ಲಿದ್ದ ಹನ್ನೊಂದು ಟೆಲಿಗ್ರಾಂ ಗುಂಪುಗಳೂ ಹಾಗೇ. ದಿನಾ ಪಿಡಿಎಫ್ ಇಳಿಸಿಕೊಳ್ಳುವುದು, ತೆರೆಯದೇ ಇಡುವುದು. ಕೆಲಸ ಮುಂದೂಡುವವರನ್ನು ಶಿಸ್ತಿಲ್ಲದವರು ಅಂತ ಬೈಯುವುದು ಸುಲಭ. ನಾನು ನೋಡಿದ ಹೆಚ್ಚಿನವರು ಮುಂದೂಡುವುದು ಕೆಲಸವನ್ನಲ್ಲ, ಆ ಕೆಲಸದ ಜೊತೆ ಬರುವ ಸಂಕಟವನ್ನು.

ಸಲಹೆ ಕೊಡುವ ಮೊದಲು ಇನ್ನೊಂದು ವಿಷಯ ನೋಡಬೇಕಿತ್ತು. ನಿದ್ದೆ, ಹಸಿವು, ಮಕ್ಕಳ ಜೊತೆಗಿನ ಖುಷಿ, ಬದುಕು ಬೇಡ ಅನ್ನುವ ಯೋಚನೆ, ಎಲ್ಲ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ತಲೆ ಭಾರ ಅಂದರು. ವೈದ್ಯರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, 9.4 ಬಂತು, ಕಬ್ಬಿಣದ ಮಾತ್ರೆ ಶುರುವಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನನ್ನಂಥವರಿಗೂ ಇದು ಅನ್ವಯಿಸುತ್ತೆ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು ಅನ್ನುವುದನ್ನು ವೈದ್ಯರು ಹೇಳಿದ್ದರು, ನಾನೂ ನೆನಪಿಸಿದೆ.

ಇನ್ನು ಓದು. ಸುಮಾಗೆ ಏನೂ ಹೊಸದಾಗಿ ಕಲಿಸಬೇಕಿರಲಿಲ್ಲ. ಟಿಇಟಿಯ ಶಿಶು ವಿಕಾಸದ ಭಾಗಕ್ಕೆ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಹೇಳಿದ ಕಲಿಕೆಯ ನಿಯಮ ಓದಿದ್ದೀರಲ್ಲ, ಹೇಳಿ ಅಂದೆ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಅಂತ ಬಾಯಿಪಾಠ ಒಪ್ಪಿಸಿದರು. ಪರಿಣಾಮ ನಿಯಮ ಅಂದರೆ? "ತೃಪ್ತಿ ಕೊಡುವ ಪರಿಣಾಮ ಬಂದ್ರೆ ಆ ಕ್ರಿಯೆ ಗಟ್ಟಿಯಾಗುತ್ತೆ, ಕಿರಿಕಿರಿ ಬಂದ್ರೆ ಸಡಿಲ ಆಗುತ್ತೆ." ಸರಿ, ನಾಲ್ಕು ಗಂಟೆಗೆ ಎದ್ದು ಓದಿದ ದಿನ ನಿಮಗೆ ಬಂದ ಪರಿಣಾಮ ಏನು? ಸುಮಾ ನಕ್ಕುಬಿಟ್ಟರು. ತಲೆನೋವು, ಲೈಟ್ ಹಾಕಿದ್ದಕ್ಕೆ ಮಗ ಎದ್ದು ಅತ್ತದ್ದು, ತಿಂಡಿ ತಡವಾಗಿ ಮಾತು ಕೇಳಿದ್ದು, ಇನ್ನೂ ಎಷ್ಟು ಪುಟ ಉಳಿದಿದೆ ಅನ್ನುವ ಭಯ. ಓದಿದ ಪ್ರತಿ ಸಲವೂ ಶಿಕ್ಷೆ. ಅಭ್ಯಾಸ ಎಲ್ಲಿಂದ ಬೆಳೆಯಬೇಕು?

ಹಾಗಾಗಿ ಮೊದಲ ಸಲಹೆ, ನಾಲ್ಕು ಗಂಟೆಯ ಓದನ್ನು ಬಿಟ್ಟುಬಿಡಿ. ಬೆಳಗಿನ ಜಾವ ಎದ್ದವರೇ ಗೆಲ್ಲುತ್ತಾರೆ ಅನ್ನುವ ವಿಡಿಯೋಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ತಿಂಡಿ ಯಾರೋ ಮಾಡಿಕೊಡುವ ಮನೆಯವರಿಗೆ ಅದು ನಡೆಯುತ್ತೆ. ಸುಮಾ ಅವರ ಟೈಮ್‌ಟೇಬಲ್ಲು ಆರು ಸಲವೂ ಅವರ ನಿದ್ದೆಯಿಂದಲೇ ಗಂಟೆ ಕದ್ದಿತ್ತು. ಮನೆಯ ಬೇರೆ ಯಾರ ಗಂಟೆಯನ್ನೂ ಮುಟ್ಟಿರಲಿಲ್ಲ.

ಮೂರು ದಿನದ ದಿನಚರಿಯನ್ನು ಅರ್ಧ ಗಂಟೆಗೊಂದು ಸಾಲಿನಂತೆ ಬರೆದು ತಂದರು. ಒಂದು ಸಂದು ಕಂಡಿತು. ಒಂಬತ್ತೂಕಾಲಿಗೆ ಮಗನನ್ನು ಸ್ಕೂಲ್ ಆಟೋ ಹತ್ತಿಸಿ ವಾಪಸ್ ಬರುತ್ತಾರೆ. ಬಂದವರು ನೇರ ಸಿಂಕಿಗೆ ಹೋಗುತ್ತಾರೆ. ಆಟೋ ಹೋದದ್ದಕ್ಕೂ ಪಾತ್ರೆಗೆ ಕೈ ಹಾಕುವುದಕ್ಕೂ ನಡುವೆ ಓದನ್ನು ಕೂರಿಸಿದೆವು. ಗಡಿಯಾರ ನೋಡಿ ಅಲ್ಲ, ಆಟೋ ನೋಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ‘ಓದುತ್ತೇನೆ’ ಅನ್ನುವ ಬರೀ ನಿರ್ಧಾರಕ್ಕಿಂತ ‘ಇಂಥದ್ದು ಆದ ಕೂಡಲೇ ಇಂಥ ಕಡೆ ಕೂತು ಇಂಥದ್ದು ಮಾಡುತ್ತೇನೆ’ ಅನ್ನುವುದು ಹೆಚ್ಚು ನಡೆಯುತ್ತದೆ ಅನ್ನುವುದು ಅವರ ಕೆಲಸದ ಸಾರ.

ಜಾಗದ ವಿಷಯಕ್ಕೆ ಒಂದು ತಮಾಷೆ ನಡೆಯಿತು. ಮೊದಲ ದಿನ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತರಂತೆ. ಹೊಸ್ತಿಲ ಮೇಲೆ ಕೂರಬಾರದು ಅಂತ ಅತ್ತೆ ಎಬ್ಬಿಸಿದರು. ಕೊನೆಗೆ ಮಹಡಿ ಮೆಟ್ಟಿಲು ಗಟ್ಟಿಯಾಯಿತು. ಅಲ್ಲಿ ಟಿವಿ ಸದ್ದು ಕೇಳುವುದಿಲ್ಲ. ಫೋನು ಕೆಳಗೆ ಫ್ರಿಜ್ಜಿನ ಮೇಲೆ ಉಳಿಯುತ್ತದೆ. ಟೆಲಿಗ್ರಾಂ ಗುಂಪುಗಳಿಂದ ನನ್ನೆದುರೇ ಹೊರಬಂದರು, ಒಂದನ್ನು ಬಿಟ್ಟು. ಅದು ಅಧಿಸೂಚನೆ ತಿಳಿಯಲು ಬೇಕು ಅಂದರು, ಒಪ್ಪಿದೆ.

ಎಷ್ಟು ಓದಬೇಕು? ಅಧ್ಯಾಯ ಅನ್ನುವ ಮಾತೇ ಬೇಡ, ಹಳೆಯ ಪ್ರಶ್ನೆಪತ್ರಿಕೆಯ ಹತ್ತು ಪ್ರಶ್ನೆ ಮಾತ್ರ ಅಂದೆ. ಓದಿ ಅಲ್ಲ, ಮೊದಲು ಉತ್ತರ ಗುರುತು ಮಾಡಿ, ಆಮೇಲೆ ತಪ್ಪಾದದ್ದನ್ನು ಮಾತ್ರ ಗೈಡಿನಲ್ಲಿ ಹುಡುಕಿ. ಟಿಇಟಿಯಲ್ಲಿ 150 ಪ್ರಶ್ನೆಗೂ ನಾಲ್ಕು ಆಯ್ಕೆ ಇರುತ್ತೆ, ತಪ್ಪಿದರೆ ಮಾರ್ಕು ಕಳೆಯುವುದಿಲ್ಲ. ಪ್ರಶ್ನೆ ಬಿಡಿಸುವುದೇ ಅದಕ್ಕೆ ತಕ್ಕ ತಯಾರಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿ ಆಮೇಲೆ ತಾವೇ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಮೂರು ಬಣ್ಣದ ಗೆರೆಗಳು ಪರೀಕ್ಷೆಯ ದಿನ ಕೈ ಕೊಡುವುದು ಇದಕ್ಕೇ.

"ಹತ್ತೇನಾ ಮೇಡಂ? ಇದು ಯಾವ ಲೆಕ್ಕ?" ಅಂತ ಸುಮಾ ಮುಖ ಸಣ್ಣ ಮಾಡಿದರು. ಈ ಅಸಮಾಧಾನ ಎಲ್ಲರಿಗೂ ಬರುತ್ತೆ. ದೊಡ್ಡ ಯೋಜನೆಯಲ್ಲಿ ಒಂದು ಗತ್ತು ಇರುತ್ತೆ, ಸಣ್ಣದರಲ್ಲಿ ಇಲ್ಲ. ಆಸೆಯಾದರೂ ಮೊದಲ ಎರಡು ವಾರ ಹನ್ನೊಂದನೇ ಪ್ರಶ್ನೆ ಮುಟ್ಟಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ. ಹತ್ತು ಮುಗಿಸಿ ಎದ್ದು ಬಂದು ಒಂದು ಲೋಟ ಕಾಫಿ ಮಾಡಿಕೊಳ್ಳಿ, ಕೂತು ಕುಡಿಯಿರಿ, ಆಮೇಲೆ ಪಾತ್ರೆ. ಪರಿಣಾಮ ನಿಯಮ ಅವರ ಪರವಾಗಿ ಕೆಲಸ ಮಾಡಲಿ ಅಂತ.

ನೀರು ಬಂದ ದಿನ, ನೆಂಟರು ಬಂದ ದಿನ, ಮಗುವಿಗೆ ಜ್ವರ ಬಂದ ದಿನ ಏನು ಅನ್ನುವುದನ್ನು ಮೊದಲೇ ಬರೆದುಕೊಂಡೆವು. ಆ ದಿನಗಳಿಗೆ ಎರಡೇ ಪ್ರಶ್ನೆ. ಮೆಟ್ಟಿಲ ಮೇಲೇ ಕೂರಬೇಕೆಂದಿಲ್ಲ, ಡ್ರಮ್ಮು ತುಂಬುವವರೆಗೆ ನಿಂತೇ ಬಿಡಿಸಬಹುದು.

ಪೂರ್ತಿ ತಪ್ಪಿದ ದಿನದ ಬಗ್ಗೆ ಜಾಸ್ತಿ ಮಾತಾಡಿದೆವು. ಏಕೆಂದರೆ ಆರೂ ಟೈಮ್‌ಟೇಬಲ್ ಸತ್ತದ್ದು ಮೊದಲ ಬಾರಿ ತಪ್ಪಿದ ಮಾರನೇ ದಿನ. ‘21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ’ ಅನ್ನುವುದನ್ನು ಅವರು ಗಟ್ಟಿಯಾಗಿ ನಂಬಿದ್ದರು, ನಡುವೆ ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತಿದ್ದರು. ಆ 21ರ ಮೂಲ 1960ರಲ್ಲಿ ಬರೆದ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. ಆಪರೇಷನ್ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ‘ಕಡಿಮೆ ಅಂದರೂ’ ಬಿದ್ದುಹೋಗಿ ಸಂಖ್ಯೆ ಮಾತ್ರ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ ಅಂದಾಜು 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. ಅದೇ ವರ್ಷ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಅಧ್ಯಯನ ನನಗೆ ಇಷ್ಟ. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡರೆ ಬುದ್ಧಿ ಬರುತ್ತೆ ಅಂತ ನಾವು ತಿಳಿದದ್ದಕ್ಕೆ ಉಲ್ಟಾ.

ಗಂಡನನ್ನು ಒಂದು ಸಲ ಕರೆಸಿದೆ. ಒಳ್ಳೆಯ ಮನುಷ್ಯ. "ನಾನೇನು ಓದಬೇಡ ಅಂದಿದ್ದೀನಾ ಮೇಡಂ? ಎಷ್ಟು ಬುಕ್ ಬೇಕಾದ್ರೂ ತಂದುಕೊಡ್ತೀನಿ" ಎಂದರು. ನಿಜ, ಬೇಡ ಅಂದಿರಲಿಲ್ಲ. ಆದರೆ ಓದು ಅಂದವರು ಓದುವ ಹೊತ್ತಿನಲ್ಲಿ ಮನೆ ಕೆಲಸ ಯಾರು ಮಾಡುತ್ತಾರೆ ಅನ್ನುವುದನ್ನು ಹೇಳಿರಲಿಲ್ಲ. ಸಹಾಯ ಮಾಡಿ ಅಂತ ನಾನು ಕೇಳಲಿಲ್ಲ. ಸಹಾಯ ಅಂದರೆ ಕೇಳಿದಾಗ ಮಾತ್ರ ಮಾಡುವುದು ಅಂತಾಗಿಬಿಡುತ್ತೆ. ಒಂದು ಕೆಲಸ ಪೂರ್ತಿ ನಿಮ್ಮದು ಮಾಡಿಕೊಳ್ಳಿ ಅಂದೆ. ನೀರಿನ ಪಾಳಿ ಅವರು ಒಪ್ಪಿಕೊಂಡರು. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಏಳುವುದು, ತುಂಬಿಸುವುದು, ಮೋಟರ್ ಆರಿಸುವುದು ಎಲ್ಲ ಅವರೇ. ಅತ್ತೆ ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಮದುವೆ ಮನೆಯಲ್ಲಿ "ಓದು ಎಲ್ಲಿಗೆ ಬಂತು?" ಅಂತ ಕೇಳುವ ನೆಂಟರಿಗೆ ‘ನಡೀತಾ ಇದೆ’ ಅಂತಷ್ಟೇ ಹೇಳಿ ಊಟದ ವಿಷಯಕ್ಕೆ ಹೋಗಿ ಅಂದಿದ್ದೇನೆ.

ಮೊದಲ ತಿಂಗಳು ಹೆಚ್ಚುಕಡಿಮೆ ಸರಿಯಾಗಿ ನಡೆಯಿತು. ಗೌರಿ–ಗಣೇಶ ಹಬ್ಬಕ್ಕೆ ನೆಂಟರು ಬಂದು ಹನ್ನೆರಡು ದಿನ ಓದು ಪೂರ್ತಿ ನಿಂತಿತು. ಎರಡು ಪ್ರಶ್ನೆಯೂ ಆಗಲಿಲ್ಲ. ಹದಿಮೂರನೇ ದಿನ ಆಟೋ ಹೋದ ಮೇಲೆ ಮೆಟ್ಟಿಲ ಮೇಲೆ ಕೂತಾಗ ಹೊಸ ಟೈಮ್‌ಟೇಬಲ್ ಬರೆಯುವ ಆಸೆ ತುಂಬಾ ಆಯಿತಂತೆ. ಬರೆಯದೆ ಹತ್ತು ಪ್ರಶ್ನೆ ಬಿಡಿಸಿದರು. ಹತ್ತರಲ್ಲಿ ನಾಲ್ಕು ಸರಿ. ಕಾಫಿ ಕುಡಿದರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ದೊಡ್ಡ ದಿನ ಅದು.

ಈಗ ಮೆಟ್ಟಿಲ ಮೇಲೆ ಇಪ್ಪತ್ತೈದು ಪ್ರಶ್ನೆಯವರೆಗೆ ಹೋಗುತ್ತದೆ. ಭಾನುವಾರ ಎರಡೂವರೆ ಗಂಟೆ ಪೂರ್ತಿ ಪತ್ರಿಕೆ ಬರೆಯುತ್ತಾರೆ, ಆಗ ಮಕ್ಕಳು ಅಪ್ಪನ ಜೊತೆ ಅಂಗಡಿಯಲ್ಲಿ. ಕಳೆದ ನಾಲ್ಕು ಪತ್ರಿಕೆಗಳಲ್ಲಿ 88, 91, 87, 94 ಬಂದಿದೆ. ಅಭ್ಯಾಸ ಪತ್ರಿಕೆಯ ಅಂಕ ಪರೀಕ್ಷೆಯ ಅಂಕ ಅಲ್ಲ, ಅದು ಅವರಿಗೂ ಗೊತ್ತು. ಇಂಗ್ಲಿಷ್ ಭಾಗದಲ್ಲಿ ಇನ್ನೂ 30ಕ್ಕೆ 14ರ ಆಚೆ ಹೋಗುತ್ತಿಲ್ಲ, ಸದ್ಯ ಪ್ರತಿ ಹತ್ತರಲ್ಲಿ ಐದು ಪ್ರಶ್ನೆ ಅದರದ್ದೇ.

ಓದುವವರಲ್ಲಿ ಯಾರಿಗಾದರೂ ಇದು ತಮ್ಮದೇ ಕಥೆ ಅನ್ನಿಸಿದರೆ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ, ಊಟ ಕೆಟ್ಟಿದೆ, ಬದುಕು ಸಾಕು ಅನ್ನಿಸುತ್ತಿದೆ ಅಂದರೆ ಹತ್ತು ಪ್ರಶ್ನೆಯ ಉಪಾಯ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಸುಮಾ ಅವರಿಗೆ ಮುಂದಿನ ಭೇಟಿಗೆ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ನೀರಿನ ಪಾಳಿ ಎರಡು ಸಲ ತಪ್ಪಿಸಿದ್ದಾರಂತೆ.