ಅಡಿ ಲೆಕ್ಕ ಸಾಲದು, ಟಿಎಂಸಿ ಕೇಳಿ

ಹಿರಿಯೂರಿನ ತೋಟಗಾರರೊಬ್ಬರು ಬರೆದಿದ್ದಾರೆ: "ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 65 ಅಡಿ ನೀರಿದ್ದರೆ ಅರ್ಧ ಡ್ಯಾಂ ತುಂಬಿದೆ ಅಂತ ಅಲ್ವಾ? ಹಾಗಿದ್ದೂ ಅಂಥ ವರ್ಷಗಳಲ್ಲಿ ಕುಡಿಯೋಕೆ ಮಾತ್ರ ನೀರು, ಕಾಲುವೆಗೆ ಇಲ್ಲ ಅಂತಾರಲ್ಲ, ಯಾಕೆ?"

ಅಲ್ಲ ಸ್ವಾಮಿ, ಅರ್ಧ ಅಲ್ಲ. ಅರ್ಧದ ಹತ್ತಿರಕ್ಕೂ ಬರಲ್ಲ. ವಾಣಿವಿಲಾಸ ಸಾಗರಕ್ಕೆ ಮಾರಿಕಣಿವೆ ಅಂತಲೂ ಹೆಸರು, ಆ ಹೆಸರಲ್ಲೇ ಕಣಿವೆ ಇದೆ ನೋಡಿ. ತಳದಲ್ಲಿ ಇಕ್ಕಟ್ಟು, ಮೇಲೆ ಹೋದಂತೆ ಅಗಲ. ತಳದ ಒಂದು ಅಡಿಯಲ್ಲಿ ನಿಲ್ಲುವ ನೀರು ಸ್ವಲ್ಪವೇ. 129ರಿಂದ 130ಕ್ಕೆ ಏರುವ ಒಂದು ಅಡಿಗೆ ಅದರ ಎಷ್ಟೋ ಪಟ್ಟು ಬೇಕು. ಪೂರ್ತಿ ತುಂಬಿದರೆ ಸುಮಾರು 30 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಈ 30ರಲ್ಲಿ ಹೆಚ್ಚಿನ ಪಾಲು ಇರುವುದು ಮೇಲಿನ ಅಡಿಗಳಲ್ಲೇ. ಕೆಳಗಿನದರಲ್ಲೂ ಒಂದಿಷ್ಟು ಡೆಡ್ ಸ್ಟೋರೇಜ್. ತೂಬಿಗಿಂತ ಕೆಳಗಿರುವ ಆ ನೀರು ತಾನಾಗಿ ಕಾಲುವೆಗೆ ಹರಿಯಲ್ಲ.

ಕಟ್ಟೆಯ ಗೋಡೆ ಮೇಲೆ ಬರೆದ ಅಡಿ ಗುರುತನ್ನು ನೋಡಿ ದಿನಾ ಬೆಳಗ್ಗೆ ಮಟ್ಟ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಕೋಷ್ಟಕ ತೆಗೆದು, ಇಷ್ಟು ಅಡಿಗೆ ಇಷ್ಟು ನೀರು ಅಂತ ಲೆಕ್ಕ ಹಾಕುತ್ತಾರೆ. ಪತ್ರಿಕೆಗೆ ಬರುವುದು ಹೆಚ್ಚಾಗಿ ಮೊದಲನೆಯ ಅಂಕಿ. ನಿಮಗೆ ಬೇಕಾದದ್ದು ಎರಡನೆಯದು.

ಆ ಕೋಷ್ಟಕವೂ ಹಳೆಯದಾಗುತ್ತದೆ, ಹೂಳಿನಿಂದ. ತುಂಗಭದ್ರೆಯಲ್ಲಿ ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಲೆಕ್ಕ 105.788. ಗೋಡೆ ಅದೇ, ಅಡಿ ಅದೇ, ನೀರು ಮಾತ್ರ ಕಮ್ಮಿ. ಅದಕ್ಕೇ ಆಗಾಗ ಹೊಸದಾಗಿ ಸರ್ವೆ ಮಾಡಬೇಕು.

ಇನ್ನು ನಿಮ್ಮ ಕಡೆಯ ಬಿಸಿಲು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಯಿತು ಅಂತಿಟ್ಟುಕೊಳ್ಳಿ, ಇದೇನೂ ಜಾಸ್ತಿ ಹೇಳಿದ್ದಲ್ಲ. ಒಂದು ಚದರ ಕಿಲೋಮೀಟರ್ ನೀರಿನಿಂದ ಹೋಗುವುದು 50 ಲಕ್ಷ ಲೀಟರ್. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ, 37,000 ಜನರ ಒಂದು ದಿನದ ನೀರು! ಯಾರೂ ಬಿಡದೇ ಹೋದದ್ದು. ಹಿನ್ನೀರು ಎಷ್ಟು ಚದರ ಕಿಲೋಮೀಟರ್ ಹರಡಿದೆಯೋ ಅಷ್ಟರಿಂದ ಗುಣಿಸಿಕೊಳ್ಳಿ. ಮಳೆ ಬರುವವರೆಗೆ ಇದನ್ನೂ ಕಳೆದು, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗಳ ಕುಡಿಯುವ ನೀರನ್ನೂ ತೆಗೆದಿಟ್ಟ ಮೇಲೆ ಉಳಿದದ್ದು ಕಾಲುವೆಗೆ. ಕಮ್ಮಿ ನೀರಿನ ವರ್ಷ ಏನೂ ಉಳಿಯಲ್ಲ.

ಕೋಡಿ ಬಿದ್ದರೆ ನಾವು ಪತ್ರಿಕೆಯವರು ಫೋಟೋ ಹಾಕಿ ಸಂಭ್ರಮಿಸುತ್ತೇವೆ. 1907ರಲ್ಲಿ ಮುಗಿದ ಕಟ್ಟೆ 1933ರಲ್ಲಿ ಕೋಡಿ ಬಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಸಂಭ್ರಮ ಸಹಜವೇ. ಆದರೆ ನಡುವಿನ 89 ವರ್ಷ ಕಟ್ಟೆ ಪೂರ್ತಿ ತುಂಬದೆಯೇ ನಿಮ್ಮ ಸೀಮೆ ಬದುಕಿತಲ್ಲ? ಬಾಗಿನದ ಸುದ್ದಿಗಿಂತ ಮಾರ್ಚ್ ತಿಂಗಳ ಮಟ್ಟದ ಸುದ್ದಿ ದೊಡ್ಡದು ಅಂತ ನನ್ನ ಅಭಿಪ್ರಾಯ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ದಿನಾ ಜಲಾಶಯಗಳ ಪಟ್ಟಿ ಹಾಕುತ್ತಾರೆ. ಅದರಲ್ಲಿ ಸಂಗ್ರಹ ಟಿಎಂಸಿಯಲ್ಲಿರುತ್ತದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು ಅನ್ನುವುದೂ ಇರುತ್ತದೆ. ಮೊಬೈಲಲ್ಲೇ ಸಿಗುತ್ತೆ. ನೀರಾವರಿ ಸಲಹಾ ಸಮಿತಿ ಸಭೆಗೆ ನಿಮ್ಮ ಊರಿನವರು ಹೋಗುವಾಗ ಅಡಿ ಹಿಡಿದು ವಾದ ಮಾಡಬೇಡಿ, ಆ ಪಟ್ಟಿ ಹಿಡಿದು ಹೋಗಿ. ಡೆಡ್ ಸ್ಟೋರೇಜ್ ಕಳೆದು ಎಷ್ಟಿದೆ, ಕುಡಿಯಲು ಎಷ್ಟು ಇಟ್ಟಿದ್ದೀರಿ, ಆವಿಗೆ ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿ.

– ಸಂ.