ಕಾಲಿಗೆ ಹೊಕ್ಕ ಕರಿಮುಳ್ಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇಕಲದ ಹತ್ತಿರ ಕಲ್ಲುಮ್ಮಕ್ಕಾಯಿ (ಬಂಡೆಗೆ ಅಂಟುವ ಚಿಪ್ಪುಜೀವಿ) ಕೀಳಲು ಬಂಡೆಗೆ ಇಳಿದಿದ್ದ ತಮ್ಮನ ಅಂಗಾಲಿಗೆ ಕಡಲ ಮುಳ್ಳುಚೆಂಡಿನ (ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಪ್ರಾಣಿಯ) ಮುಳ್ಳು ಹೊಕ್ಕು ಮುರಿದಿದೆ. ಕಲ್ಲಿನಿಂದ ಜಜ್ಜಿದರೆ ಕರಗುತ್ತದೆಂದು ಕೆಲವರು, ಮೂತ್ರ ಹೊಯ್ಯಬೇಕೆಂದು ಕೆಲವರು. ಯಾವುದು ಸರಿ?
– ಓದುಗರು, ಪಳ್ಳಿಕ್ಕೆರೆ

ಉತ್ತರ: ಎರಡೂ ಬೇಡ. ಮೂತ್ರದಿಂದ ಏನೂ ಪ್ರಯೋಜನವಿಲ್ಲ. ಜಜ್ಜಿದರೆ ಒಂದು ಚೂರು ಹತ್ತಾಗಿ ಮಾಂಸದಲ್ಲಿ ಹರಡುತ್ತದೆ, ಬಾವು ಹೆಚ್ಚುತ್ತದೆ. ಈ ಮುಳ್ಳು ಕ್ಯಾಲ್ಸಿಯಂ ಕಾರ್ಬೊನೇಟಿನದು, ಅಂದರೆ ಸುಣ್ಣಕಲ್ಲಿನಂಥದು. ಗಟ್ಟಿಯೆಂದು ಕಂಡರೂ ಚಿಮಟದಲ್ಲಿ ಬಿಗಿಯಾಗಿ ಹಿಡಿದರೆ ಪುಡಿಯಾಗುತ್ತದೆ.

ಮೊದಲು ಬಿಸಿನೀರು. 43ರಿಂದ 45 ಡಿಗ್ರಿ ಸೆಲ್ಸಿಯಸ್ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಲೀಟರ್ ಕುದಿನೀರಿಗೆ ಮೂರೂವರೆ ಲೀಟರ್ ಬಾವಿನೀರು ಬೆರೆಸಿ, ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಬಿಸಿಯನ್ನು ಚುಚ್ಚಿಸಿಕೊಂಡ ಕಾಲಿನಿಂದ ನೋಡಬೇಡಿ. ನೋವಿನಲ್ಲಿ ಅದಕ್ಕೆ ಅಂದಾಜು ಸಿಗದು, ಮೊಣಕೈ ಅದ್ದಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗಂತೂ ಸುಟ್ಟರೂ ತಿಳಿಯುವುದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲು ಮುಳುಗಿಸಿಡಿ, ತಣಿದಂತೆ ಕಾಲು ಹೊರತೆಗೆದು ಬಿಸಿನೀರು ಸೇರಿಸಿ. ನೋವು ಇಳಿಯುವುದು ಇದರಿಂದಲೇ.

ಆಮೇಲೆ ಹೊರಗೆ ಚಾಚಿದ ಮುಳ್ಳನ್ನು ಮಾತ್ರ, ಅದು ಹೊಕ್ಕ ದಿಕ್ಕಿನಲ್ಲೇ ನೇರವಾಗಿ ಎಳೆಯಿರಿ. ಅಡ್ಡ ತಿರುಗಿಸಿದರೆ ಮುರಿಯುತ್ತದೆ. ಸೂಜಿಯಿಂದ ಬಗೆಯುವ ಚಟ ನಮ್ಮವರಿಗೆ ಬಹಳ. ಇಲ್ಲಿ ಅದು ಕೂಡದು. ಸೋಪು ಮತ್ತು ಶುದ್ಧ ನೀರಿನಲ್ಲಿ ತೊಳೆಯಿರಿ, ಗಾಯವನ್ನು ಟೇಪು ಅಂಟಿಸಿ ಮುಚ್ಚಬೇಡಿ. ಚರ್ಮದ ಮೇಲ್ಪದರದ ಸಣ್ಣ ಚೂರುಗಳಿಗೆ ವಿನೆಗರ್ ಒದ್ದೆಬಟ್ಟೆ ಕಟ್ಟಬಹುದು, ಆಮ್ಲಕ್ಕೆ ಸುಣ್ಣ ಕರಗುತ್ತದೆ. ಆಳದ ಚೂರಿಗೆ ಅದು ತಲುಪುವುದಿಲ್ಲ.

ಕರಿ ಚುಕ್ಕೆ ಕಂಡ ಮಾತ್ರಕ್ಕೆ ಒಳಗೆ ಮುಳ್ಳಿದೆ ಎನ್ನಲಾಗದು. ಮುಳ್ಳಿನ ಬಣ್ಣವೇ ಚರ್ಮಕ್ಕೆ ಹತ್ತುತ್ತದೆ. ಒಂದೆರಡು ದಿನದಲ್ಲಿ ಮಾಸಿದರೆ ಅದು ಬರೀ ಬಣ್ಣ. ಮಾಸದಿದ್ದರೆ ಚೂರು ಉಳಿದಿದೆ. ಕೀಲಿನ ಹತ್ತಿರ ಚುಚ್ಚಿದ್ದರೆ, ಬೆರಳು ಮಡಚಲಾಗದಿದ್ದರೆ, ಜ್ವರ ಬಂದರೆ ಅಥವಾ ಕೆಂಪು ಹರಡುತ್ತಿದ್ದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ವಾರಗಳ ಮೇಲೆ ಗಂಟು ಕಟ್ಟಿದರೂ ತೋರಿಸಬೇಕು, ‘ಕಡಲ ಮುಳ್ಳು’ ಎಂದು ಹೇಳಿಯೇ ತೋರಿಸಿ. ಟಿಟಿ ಚುಚ್ಚುಮದ್ದಿನ ವಿಚಾರವನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಲಕ್ಷದ್ವೀಪದಲ್ಲಿ ಕಂಡ ಮುಳ್ಳುಚೆಂಡಿಗೆ ಗೇಣುದ್ದದ ಕಪ್ಪು ಮುಳ್ಳು, ನೆತ್ತಿಯಲ್ಲಿ ಕಿತ್ತಳೆ ಉಂಗುರದ ಕಣ್ಣು. ಮುಳ್ಳಿನ ನಡುವೆ ಮೀನುಮರಿಗಳೂ ಇದ್ದವು. ಅವಕ್ಕೆ ಚುಚ್ಚುವುದಿಲ್ಲವೇ?
– ಓದುಗರು, ಮಂಜೇಶ್ವರ

ಉತ್ತರ: ನೀವು ಕಂಡದ್ದು ಡಯಡೆಮಾ ಸೆಟೋಸಮ್ ಎಂಬ ಜಾತಿಯ ಮುಳ್ಳುಚೆಂಡು. ಆ ‘ಕಣ್ಣು’ ಅದರ ಗುದ! ಬಾಯಿ ಇರುವುದು ಅಡಿಯಲ್ಲಿ, ಐದು ಹಲ್ಲಿನ ಯಂತ್ರದಂತೆ. ರಾತ್ರಿ ಬಂಡೆಯ ಪಾಚಿಯನ್ನು ಅದರಿಂದ ಕೆರೆದು ತಿನ್ನುತ್ತದೆ. ನಿಜವಾದ ಕಣ್ಣಿಲ್ಲದಿದ್ದರೂ ಮೈಯೆಲ್ಲ ಬೆಳಕನ್ನು ಅರಿಯುತ್ತದೆ. ನೆರಳು ಬಿದ್ದ ಕಡೆಗೆ ಮುಳ್ಳುಗಳು ತಿರುಗುತ್ತವೆ, ಆದ್ದರಿಂದ ಮೇಲೆ ಈಜುವವರು ಕೈ ಚಾಚಬಾರದು. ತೆಳುವಾದ ರಬ್ಬರ್ ಚಪ್ಪಲಿಯನ್ನೂ ಅವು ತೂರುತ್ತವೆ.

ಮುಳ್ಳುಗಳ ನಡುವಿನ ಸಂದಿಗೆ ಹೊಂದುವ ಮೈಯುಳ್ಳ ಮೀನುಗಳು ಮಾತ್ರ ಅಲ್ಲಿ ಬಾಳುತ್ತವೆ. ಸಿಫಾಮಿಯಾ ಎಂಬ ಪುಟ್ಟ ಕಾರ್ಡಿನಲ್ ಮೀನು ಹಗಲು ಅಲ್ಲಿ ಅಡಗಿದ್ದು ರಾತ್ರಿ ಮೇಯಲು ಹೊರಡುತ್ತದೆ. ರೇಜರ್ ಮೀನು ತಲೆ ಕೆಳಗಾಗಿ ನಿಂತು, ಮೈಮೇಲಿನ ಕಪ್ಪು ಗೆರೆಯಿಂದ ತಾನೂ ಒಂದು ಮುಳ್ಳಾಗಿಬಿಡುತ್ತದೆ. ಇಷ್ಟಾದರೂ ಟ್ರಿಗರ್ ಮೀನುಗಳು ಈ ಮುಳ್ಳುಚೆಂಡನ್ನು ತಿಂದೇ ತಿನ್ನುತ್ತವೆ.

ಬೇಕಲದಂಥ ಬಂಡೆಗಳಲ್ಲಿ ಇದನ್ನೇ ಹುಡುಕಬೇಡಿ. ನಮ್ಮ ದೇಶದ ಕಲ್ಲು ಕರಾವಳಿಯಲ್ಲಿ ಸಾಮಾನ್ಯವಾಗಿ ಸಿಗುವುದು ಗುಳಿಗಳಲ್ಲಿ ಕೂರುವ, ಗಿಡ್ಡ ದಪ್ಪ ಮುಳ್ಳಿನ ಸ್ಟೊಮೊಪ್ನ್ಯೂಸ್ಟೀಸ್ ಎಂಬ ಮುಳ್ಳುಚೆಂಡು.

ಪ್ರಶ್ನೆ: ಇಂಥ ಚುಚ್ಚುವ ಪ್ರಾಣಿ ಇಲ್ಲದಿದ್ದರೆ ಕಡಲಿಗೇನು ನಷ್ಟ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ನಷ್ಟವನ್ನು ಕೆರಿಬಿಯನ್ ಕಡಲು ಅನುಭವಿಸಿದೆ. 1983ರಲ್ಲಿ ಪನಾಮಾ ಬಳಿ ಶುರುವಾದ ರೋಗ ಮರುವರ್ಷದೊಳಗೆ ಇಡೀ ಕೆರಿಬಿಯನ್ನಿಗೆ ಹಬ್ಬಿ, ಅಲ್ಲಿನ ಡಯಡೆಮಾ ಆಂಟಿಲ್ಲಾರಮ್ ಎಂಬ ಮುಳ್ಳುಚೆಂಡುಗಳಲ್ಲಿ ಶೇ. 90ಕ್ಕೂ ಹೆಚ್ಚು ಸತ್ತವು. ಪಾಚಿ ತಿನ್ನುವ ಮೀನುಗಳನ್ನು ಜಮೈಕಾದಲ್ಲಿ ಅದಾಗಲೇ ಹಿಡಿದು ಮುಗಿಸಿದ್ದರಿಂದ ಹವಳದ ಮೇಲಿನ ಪಾಚಿ ಮೇಯಲು ಬೇರಾರೂ ಇರಲಿಲ್ಲ. 1980ರ ಚಂಡಮಾರುತದ ಪೆಟ್ಟೂ ಸೇರಿ, 1977ರಲ್ಲಿ ಶೇ. 52 ಇದ್ದ ಜಮೈಕಾದ ಹವಳದ ಹೊದಿಕೆ (ಬಂಡೆಯನ್ನು ಜೀವಂತ ಹವಳ ಮುಚ್ಚಿದ ಪಾಲು) 1993ಕ್ಕೆ ಶೇ. 3ಕ್ಕೆ ಇಳಿಯಿತು. 2022ರಲ್ಲಿ ರೋಗ ಮತ್ತೆ ಬಂತು; ಈ ಬಾರಿ ಕಾರಣ ಸಿಲಿಯೇಟ್ ಎಂಬ ಏಕಕೋಶ ಜೀವಿ ಎಂದು ಗೊತ್ತಾಯಿತು.

ಪ್ರಶ್ನೆ: ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ?
– ಓದುಗರು, ಉಪ್ಪಳ

ಉತ್ತರ: ಉಪ್ಪುನೀರಿನ ತೊಟ್ಟಿ ಕನಿಷ್ಠ 200 ಲೀಟರಿನದಾಗಿ, ಹಲವು ತಿಂಗಳು ಹಳೆಯದಾಗಿ ಪಾಚಿ ಕಟ್ಟಿದ್ದರೆ ಆಗಬಹುದು. ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪಿನಂಶ ತಿಳಿಸುವ ಅಳತೆ) 1.023–1.026, ಬಿಸಿ 24–27 ಡಿಗ್ರಿ. ಹೊಸ ನೀರಿಗೆ ಹನಿಹನಿಯಾಗಿ ಒಗ್ಗಿಸಿ. ಉಪ್ಪು ಏರುಪೇರಾದರೆ ಮುಳ್ಳು ಉದುರಲು ತೊಡಗುತ್ತದೆ, ಅದು ಸಾವಿನ ಮುನ್ಸೂಚನೆ. ಪಾಚಿ ಮುಗಿದರೆ ಒಣ ಕಡಲಕಳೆ ಕೊಡಿ. ಮೀನಿನ ರೋಗಕ್ಕೆಂದು ತಾಮ್ರದ ಔಷಧಿಯನ್ನು ಅದೇ ತೊಟ್ಟಿಗೆ ಹಾಕಿದರೆ ಮುಳ್ಳುಚೆಂಡು ಉಳಿಯುವುದಿಲ್ಲ.